ಬುಡು ಎಂಬ ಒಂದು ಮಾತು

ಕೊರೊನಾ ಕಳೆದ ಎರಡನೇ ವರ್ಷದ ಮಾತು. ತುಮಕೂರಿನ ಶೆಟ್ಟಿಹಳ್ಳಿ ರಸ್ತೆಯಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಈಗಲೂ ಇದೆ. ಚುನಾವಣೆ ಬಂದರೆ ಅಭ್ಯರ್ಥಿಗಳ ಹಾಡು, ಹಬ್ಬ ಬಂದರೆ ಭಕ್ತಿಗೀತೆ, ಉಳಿದ ದಿನ ಆಟೊದಲ್ಲಿ ಕೂಗುವ ಸೀರೆ ಅಂಗಡಿ ಜಾಹೀರಾತು: ಇಷ್ಟೇ ನನ್ನ ಕಸುಬು.

ನಾನು ಕುಣಿಗಲ್‌ನವನು. ಅಪ್ಪ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದ ಮೊದಲಿಗ ನಾನು, ಅದೂ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಈ ಮಾತನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ. ಕಾಲೇಜಿನ ಮೊದಲ ವಾರ ಹಾಸ್ಟೆಲ್‌ನಲ್ಲಿ ಯಾವನಿಗೋ ‘ಹೋಗ್ಲಿ ಬುಡು’ ಅಂದಿದ್ದೆ. ಇಡೀ ರೂಮು ನಕ್ಕಿತು. ಆ ವರ್ಷವೆಲ್ಲ ನನ್ನ ಹೆಸರು ಬುಡು. ಎರಡನೇ ವರ್ಷದ ಹೊತ್ತಿಗೆ ನಾಲಿಗೆ ತಿದ್ದಿಕೊಂಡು ‘ಬಿಡು’ ಅನ್ನಲು ಕಲಿತಿದ್ದೆ. ಸಿಲಬಸ್‌ನಲ್ಲಿ ಇಲ್ಲದ ಆ ಪಾಠವನ್ನು ಉಳಿದೆಲ್ಲಕ್ಕಿಂತ ಚೆನ್ನಾಗಿ ಕಲಿತೆ.

ನಾಜಿಯಾ ಸ್ಟುಡಿಯೋಕ್ಕೆ ಬಂದದ್ದು ಒಂದು ಮಧ್ಯಾಹ್ನ, ಅವಳ ತಂದೆಯ ಜೊತೆ. ಗುಬ್ಬಿಯವಳು. ಬಿ.ಕಾಂ. ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದಳು. ತಂದೆ ರಹಮತ್ ಸಾಹೇಬರದು ಹಾಸಿಗೆ ಅಂಗಡಿ; ಅವರ ಅಂಗಿಯ ತೋಳಿನ ಮೇಲೆ ಹತ್ತಿಯ ಎಳೆ ಯಾವಾಗಲೂ ಇರುತ್ತಿತ್ತು. ಅವಳು ಫೋನಿನಲ್ಲಿ ತಾನೇ ಬರೆದು ಹಾಡಿದ ಹಾಡೊಂದನ್ನು ಕೇಳಿಸಿದಳು.

*ನೀರಿನ ಟ್ಯಾಂಕಿನ ನೆರಳಲ್ಲಿ*
*ನಾನೇ ನನ್ನ ಕಾಯ್ತಾ ಕೂತೆ*
*ಬರಲೇ ಇಲ್ಲ ಈ ಸಂಜೆನೂ*
*ಬುಡು*

ಕೊನೆಯ ಮಾತನ್ನು ಹಾಡುತ್ತಿರಲಿಲ್ಲ. ಉಸಿರಿನಲ್ಲಿ ಇಳಿಸಿಬಿಡುತ್ತಿದ್ದಳು. ಅರೆನಿದ್ದೆಯಲ್ಲಿ ತನ್ನೊಂದಿಗೇ ಮಾತಾಡಿಕೊಂಡಂಥ ಹಾಡು ಅದು. ನಾನು ಇಪ್ಪತ್ತು ವರ್ಷದಿಂದ ಹೊರಗೆ ಆಡದ ಪದ ಹೆಡ್‌ಫೋನಿನಲ್ಲಿ ಅಷ್ಟು ಮೆತ್ತಗೆ ಬಂದಾಗ, ಮೊದಲಿನಿಂದ ಇನ್ನೊಂದು ಸಲ ಕೇಳಿದೆ.

“ಮನೇಲಿ ಉರ್ದು ಅಲ್ವಾ? ಕನ್ನಡದಲ್ಲಿ ಯಾಕೆ ಬರೀತೀಯಮ್ಮ?” ಅಂದೆ.

“ಉರ್ದುನಲ್ಲಿ ಬರೆದ್ರೆ ಅಮ್ಮಿಗೆ ಎಲ್ಲಾ ಅರ್ಥ ಆಗ್ಬಿಡುತ್ತೆ ಸಾರ್.”

ರಹಮತ್ ಸಾಹೇಬರು ನಕ್ಕರು. “ಕನ್ನಡದ್ದು ನನಗೂ ಅರ್ಧಾನೇ ಅರ್ಥ ಆಗೋದು ಬುಡಿ ಸಾರ್,” ಅಂದರು.

‘ಬುಡು’ ಅನ್ನುವ ಮಾತು ಅವಳಿಗೆ ಬಂದದ್ದು ಪಕ್ಕದ ಮನೆಯ ಗಂಗಮ್ಮಜ್ಜಿಯಿಂದ. ಅಜ್ಜಿ ನಿಟ್ಟೂರಿನ ಕಡೆಯವರು, ಹಣೆ ತುಂಬ ವಿಭೂತಿ. ಮಾರ್ಕ್ಸ್ ಕಮ್ಮಿ ಬಂದರೆ, ಗೆಳತಿ ಮಾತು ಬಿಟ್ಟರೆ, ನಾಜಿಯಾ ಹೋಗಿ ಅವರ ಜಗಲಿಯಲ್ಲಿ ಕೂರುತ್ತಿದ್ದಳು. ಅಜ್ಜಿ ಏನಾಯಿತೆಂದು ಕೇಳುತ್ತಿರಲಿಲ್ಲ. ತಲೆ ಸವರಿ ‘ಬುಡು ಮಗ’ ಅನ್ನುತ್ತಿದ್ದರು. ಹಳೇ ಮೈಸೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಟ್ಟುಬಿಡು ಎಂಬ ಅಪ್ಪಣೆ ಅಲ್ಲ ಅದು. ಆಗಿದ್ದು ಆಯಿತು, ನಾನಿದೀನಿ, ಅಂತ.

ರಹಮತ್ ಸಾಹೇಬರದು ಒಂದೇ ಷರತ್ತು. “ಹಾಡ್ಲಿ ಸಾರ್, ನಾನು ಬೇಡ ಅನ್ನಲ್ಲ. ಆದ್ರೆ ಒಂದು ಕಂಪನಿ ಹೆಸರು ಇರ್ಬೇಕು. ಸುಮ್ನೆ ಫೋನಲ್ಲಿ ಹಾಕ್ಕೊಂಡ್ರೆ ಜನ ಬೇರೆ ಥರ ಮಾತಾಡ್ತಾರೆ.” ಅಂದರೆ ಕಂಪನಿ ಸಿಕ್ಕರೆ ಹಾಡು, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಅವಳಿಗೂ ಅದು ಗೊತ್ತಿತ್ತು.

ಮನೆಯ ತಾರಸಿಯ ಮೇಲೆ ಕೂತು ಮಾಡಿದ ಅವಳ ಮೂಲ ರೆಕಾರ್ಡಿಂಗ್‌ನಲ್ಲಿ ದೂರದ ಗುಡುಗುಡು ಸದ್ದೊಂದಿತ್ತು. ಗುಬ್ಬಿ ಹತ್ತಿರ ಬಿದರೆಹಳ್ಳ ಕಾವಲ್‌ನ ಕಾರ್ಖಾನೆಯಿಂದ ಹಾರುವ ಹೆಲಿಕಾಪ್ಟರ್. ತೆಗೆದುಬಿಡೋಣ ಅಂದೆ. “ಇರ್ಲಿ ಸಾರ್, ಅದಿಲ್ದಿದ್ರೆ ನಮ್ಮನೆ ತಾರಸಿನೇ ಅಲ್ಲ,” ಅಂದಳು. ಆ ಸದ್ದನ್ನೇ ನಿಧಾನಿಸಿ, ಶ್ರುತಿ ಇಳಿಸಿ, ಹಾಡಿನ ಅಡಿಗೆ ತಂಬೂರಿಯಂತೆ ಹಾಸಿದೆ. ಮೇಲೆ ಒಂದು ಗಿಟಾರ್, ಅಷ್ಟೇ. ದನಿಗೆ ಸ್ವಲ್ಪ ರಿವರ್ಬ್, ಅಂದರೆ ಖಾಲಿ ಮನೆಯಲ್ಲಿ ಹಾಡಿದಾಗ ಗೋಡೆ ತಿರುಗಿ ಕೊಡುವ ಪ್ರತಿಧ್ವನಿ. ‘ಬುಡು’ ಅನ್ನುವ ಮೊದಲು ಅವಳು ಸಣ್ಣದೊಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಸಾಮಾನ್ಯವಾಗಿ ನಾವು ಉಸಿರಿನ ಸದ್ದನ್ನು ಕತ್ತರಿಸುತ್ತೇವೆ. ಅದನ್ನು ಮಾತ್ರ ಬೇಕೆಂದೇ ಉಳಿಸಿದೆ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಹಿಂದೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಹಾಡನ್ನು ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿಗೆ ಕಳಿಸಿದಳು. ಅಲ್ಲಿಂದ ಒಬ್ಬ ಮ್ಯಾನೇಜರು ಸ್ಟುಡಿಯೋಕ್ಕೇ ಬಂದ. ಕಣ್ಣು ಮುಚ್ಚಿಕೊಂಡು ಕೇಳಿದ.

“ಫೀಲ್ ಸೂಪರ್ ಬ್ರದರ್. ಆದ್ರೆ ಈ ಬುಡು ಅನ್ನೋದು ತೀರಾ ಲೋಕಲ್ ಆಯ್ತು.”

“ಲೋಕಲ್ಲೇ ಸಾರ್. ಗುಬ್ಬಿ,” ಅಂದಳು ನಾಜಿಯಾ.

“ಬಿಡು ಅಂತ ಮಾಡ್ಬೋದಲ್ಲಮ್ಮ?”

“ಬಿಡು ಅಂತ ಯಾರೂ ನನ್ ತಲೆ ಸವರಿಲ್ಲ.”

ಅವನು ನಕ್ಕು ಒಪ್ಪಿಕೊಂಡ. ಹಾಡಿನ ಹಕ್ಕುಗಳೆಲ್ಲ ಕಂಪನಿಗೆ ಎಂಬ ಕರಾರಿಗೆ ನಾಜಿಯಾ ಸಹಿ ಹಾಕಿದಳು. ಕಣ್ಣುಮುಚ್ಚಿ ಹಾಕಲಿಲ್ಲ; ಓದಿ, ನನ್ನನ್ನೂ ಕೇಳಿ, “ಇದಿಲ್ದಿದ್ರೆ ಅಬ್ಬಾ ಒಪ್ಪಲ್ಲ ಸಾರ್,” ಎಂದೇ ಹಾಕಿದಳು. ಆಮೇಲೆ ಕಂಪನಿಯವರು ಸ್ಟೆಮ್ಸ್ ಕೇಳಿದರು. ಹಾಡಿನ ಒಂದೊಂದು ಪದರವನ್ನೂ, ದನಿ ಬೇರೆ, ಗಿಟಾರ್ ಬೇರೆ ಎಂಬಂತೆ, ಪ್ರತ್ಯೇಕ ಫೈಲಾಗಿ ಕೊಡುವುದಕ್ಕೆ ಹಾಗನ್ನುತ್ತಾರೆ. ನಮ್ಮ ಕಸುಬಿನಲ್ಲಿ ಇದು ಮಾಮೂಲು. ಅವಳ ಒಪ್ಪಿಗೆ ಪಡೆದು ಕಳಿಸಿದೆ.

ಕೆಲವು ತಿಂಗಳು ಸುದ್ದಿಯಿಲ್ಲ. ಆಮೇಲೊಂದು ದಿನ ಬಿ.ಎಚ್. ರಸ್ತೆಯ ಕಲ್ಯಾಣ ಮಂಟಪದಲ್ಲಿ ನೆಂಟರ ಮದುವೆ. ಊಟಕ್ಕೆ ಕೂತಿದ್ದೆ. ಹೊರಗೆ ಡಿಜೆ ಹಚ್ಚಿದರು. ಎದೆಗೆ ಗುದ್ದುವ ಡ್ರಮ್ಮಿನ ನಡುವೆ ಒಂದು ಹೆಣ್ಣುದನಿ, ಇಲಿಯ ಕೀಚಲಿನಷ್ಟು ವೇಗಕ್ಕೆ ಏರಿಸಿದ್ದು: ಬುಡು ಬುಡು ಬುಡು ಬುಡು. ಹುಡುಗರು ಒಬ್ಬರನ್ನೊಬ್ಬರು ತಳ್ಳಿಕೊಂಡು ಕುಣಿಯುತ್ತಿದ್ದರು. ಪ್ರತಿ ಬುಡುವಿಗೂ ಮೊದಲು ಒಂದು ಸಣ್ಣ ಉಸಿರು. ಅದನ್ನೂ ತಾಳ ಮಾಡಿಕೊಂಡಿದ್ದರು. ಆ ಉಸಿರಿನಿಂದಲೇ ಗುರುತು ಹಿಡಿದೆ. ಎಲೆ ಮಡಿಚಿ ಎದ್ದೆ.

ನೀರಿನ ಟ್ಯಾಂಕ್ ಇಲ್ಲ, ಸಂಜೆ ಇಲ್ಲ. ಉಳಿದ ಸಾಲುಗಳನ್ನು ಯಾರೋ ಗಂಡಸು ಹೊಸದಾಗಿ ಹಾಡಿದ್ದ: ಕೈಕೊಟ್ಟ ಹುಡುಗಿಯನ್ನು ಅಣಕಿಸುವ ಹಾಡು. ಫೋನಿನಲ್ಲಿ ಹುಡುಕಿದರೆ ಹಾಡಿನ ಕೆಳಗೆ ಅವನ ಹೆಸರಿತ್ತು, ಕಂಪನಿಯ ಹೆಸರಿತ್ತು, ನಾಜಿಯಾಳದಿರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದೆ.

“ಬ್ರದರ್, ಲೋಕಲ್ ಅಂತ ನಾನೇ ಹೇಳಿದ್ನಲ್ಲ, ಅದೇ ವರ್ಕ್ ಆಯ್ತು ನೋಡಿ. ಊರೂರಲ್ಲಿ ಕುಣೀತಾವ್ರೆ. ಆಯಮ್ಮ ಖುಷಿ ಪಡ್ಬೇಕು.”

“ಅವಳ ಹಾಡು ಯಾವಾಗ ಬಿಡ್ತೀರ?”

“ಅದು ತುಂಬಾ ಸ್ಲೋ. ನೋಡೋಣ.”

ಇವತ್ತಿನವರೆಗೂ ನೋಡುತ್ತಲೇ ಇದ್ದಾರೆ. ಅವರು ಹೊರಗೆ ತರುವುದಿಲ್ಲ. ತಾನೇ ತರುವ ಹಕ್ಕು ಅವಳಿಗಿಲ್ಲ. ವಕೀಲರೊಬ್ಬರಿಗೆ ಕರಾರು ತೋರಿಸಿದೆವು. ಓದಿ, ಕನ್ನಡಕ ತೆಗೆದು, ಎಲ್ಲಾ ಕ್ರಮವಾಗೇ ಇದೆಯಲ್ಲ ಅಂದರು.

ನಾಜಿಯಾ ಕೊನೆಯ ಸಲ ಸ್ಟುಡಿಯೋಕ್ಕೆ ಬಂದಾಗ ಅಳಲಿಲ್ಲ. ಕುರ್ಚಿಯ ಮೇಲೆ ಕೂತು, ನೆಲ ನೋಡುತ್ತ ಹೇಳಿದಳು.

“ಹಾಡು ಹೋದ್ರೆ ಹೋಯ್ತು ಸಾರ್, ಇನ್ನೊಂದು ಬರೀತಿದ್ದೆ. ಆದ್ರೆ ಆ ಡಿಜೆ ಹಾಡು ಬಂದ್ಮೇಲೆ ನಮ್ಮ ಬೀದಿ ಮಕ್ಕಳು ಗಂಗಮ್ಮಜ್ಜಿ ಬಾಯಿ ಬಿಟ್ರೆ ಸಾಕು ಅಂತ ಕಾಯ್ತಾವೆ. ಅವರು ತರಕಾರಿಯವನ ಹತ್ರ ‘ಎಲ್ಡು ರೂಪಾಯಿ ಬುಡಪ್ಪ’ ಅಂದ್ರೆ ಸುತ್ತ ನಿಂತ್ಕೊಂಡು ಸೊಂಟ ಕುಣಿಸ್ತಾವೆ. ನಿನ್ನೆ ನಾನು ಹೋಗಿ ಜಗಲೀಲಿ ಕೂತೆ. ಏನೂ ಹೇಳಿರಲಿಲ್ಲ. ಅಜ್ಜಿ ತಲೆ ಸವರಿದ್ರು. ಆಮೇಲೆ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ‘ಬಿಡು ಮಗ’ ಅಂದ್ರು ಸಾರ್. ಬಿಡು ಅಂತ. ಟೀವೀಲಿ ಅಂದಂಗೆ.”

ಆ ಹಾಡಿನಲ್ಲಿರುವ ದನಿ ನಾಜಿಯಾಳದು ಅಂತ ಅಜ್ಜಿಗೆ ಗೊತ್ತಿಲ್ಲ. ಅವಳು ಹೇಳಿಲ್ಲ.

ನಾನು ಏನಾದರೂ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಒಂದೇ ಮಾತು. “ಹೋಗ್ಲಿ ಬಿಡಮ್ಮ,” ಅಂದೆ.

ಅವಳು ತಲೆಯೆತ್ತಿ ನೋಡಿದಳು. “ನೀವೂ ಹಂಗೇ ಅಂತೀರಲ್ಲ ಸಾರ್,” ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಈಗ ನಾಜಿಯಾ ಹಾಡುವುದಿಲ್ಲ. ಮೊಬೈಲ್ ಅಂಗಡಿಯಲ್ಲೇ ಇದ್ದಾಳೆ. ಗಿರಾಕಿಗಳ ರಿಂಗ್‌ಟೋನಿನಲ್ಲಿ ತನ್ನ ಉಸಿರನ್ನು ತಾನೇ ಕೇಳಿಸಿಕೊಳ್ಳುತ್ತಾಳೆ. ಕಂಪನಿ ಹೆಸರಿದ್ದರೆ ಮರ್ಯಾದೆ ಎಂದು ನಂಬಿದ್ದ ರಹಮತ್ ಸಾಹೇಬರು ದಾರಿಯಲ್ಲಿ ಸಿಕ್ಕರೆ ಕೈಯೆತ್ತಿ ಸಲಾಂ ಮಾಡುತ್ತಾರೆ, ನಿಂತು ಮಾತಾಡುವುದಿಲ್ಲ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ದನಿಯನ್ನು ಹಾಡಿನಿಂದ ಬಿಡಿಸಿ ಕೊಟ್ಟರೆ, ಅದರಿಂದ ಯಾರು ಏನನ್ನು ಬೇಕಾದರೂ ಹೇಳಿಸಬಹುದು. ಸಂತೈಸುವ ಮಾತಿನಿಂದ ಗೇಲಿ ಮಾಡಿಸಬಹುದು. ಅದಕ್ಕೇ ನಾನೀಗ ಯಾರಿಗೂ ಸ್ಟೆಮ್ಸ್ ಕೊಡುವುದಿಲ್ಲ, ಇಡೀ ಹಾಡು ಮಾತ್ರ. ಬೇಡವೆಂದು ಎದ್ದು ಹೋದವರಿದ್ದಾರೆ. ಹೋಗಲಿ. ಹಾಸ್ಟೆಲ್‌ನಲ್ಲಿ ನನ್ನ ಒಬ್ಬನ ನಾಲಿಗೆ ತಿದ್ದಲು ಒಂದು ರೂಮಿನ ನಗು ಬೇಕಾಗಿತ್ತು. ಗಂಗಮ್ಮಜ್ಜಿಯ ನಾಲಿಗೆಯನ್ನು ಒಂದು ಡಿಜೆ ಹಾಡು ತಿದ್ದಿತು, ಅದರ ದನಿಯ ಫೈಲು ಹೋದದ್ದು ನನ್ನ ಕಂಪ್ಯೂಟರಿನಿಂದ. ‘ಬುಡು’ ಅನ್ನಲು ನಾನು ಈಗ ಮತ್ತೆ ಅಭ್ಯಾಸ ಮಾಡುತ್ತಿದ್ದೇನೆ. ಬಾಯಿಗೆ ಬರುತ್ತದೆ. ಆದರೆ ಅಂದಾಗಲೆಲ್ಲ ಎದುರಿಗಿದ್ದವರು ನಗುತ್ತಾರೆ, ಆ ಹಾಡು ನೆನಪಾಯಿತು ಅಂತ.