ಬಾಣಂತಿ ಕೋಣೆಯ ಫ್ಯಾನು

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲೊಂದು ಕಂಪನಿಯಲ್ಲಿ, ಒಂದು ಸರ್ವರು ಒಮ್ಮೆಗೆ ಎಷ್ಟು ಜನರನ್ನು ತಡೆದುಕೊಂಡೀತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕೆಪ್ಯಾಸಿಟಿ ಎಂದು ಅದಕ್ಕೊಂದು ದೊಡ್ಡ ಹೆಸರು. ನನ್ನ ಸ್ವಂತ ಕೆಪ್ಯಾಸಿಟಿ ಮಾತ್ರ ಮೇ ತಿಂಗಳಲ್ಲಿ, ಅಪ್ಪನ ಕ್ವಾರ್ಟರ್ಸಿನ ಒಳಕೋಣೆಯಲ್ಲಿ, ಹಸುಗೂಸಿನ ಪಕ್ಕ ಮಲಗಿದಾಗ ಮುಗಿದುಹೋಯಿತು.

ಕಿಟಕಿ ಮುಚ್ಚಿತ್ತು, ಕಿವಿಗೆ ಬಟ್ಟೆ ಕಟ್ಟಿತ್ತು, ತಲೆಯ ಮೇಲೆ ಫ್ಯಾನು ಸುಮ್ಮನೆ ನೇತಾಡುತ್ತಿತ್ತು. ಬಾಣಂತಿಗೆ ಗಾಳಿ ತಾಗಬಾರದೆಂದು ಅವ್ವನ ಹಟ.

“ಫ್ಯಾನ್ ಒಂದರಾಗರ ಇಡವ್ವ,” ಎಂದು ಅಂಗಲಾಚಿದೆ.

“ನಾ ಅಡಿಗಿಮನಿಗೆ ಹೋದ ಕೂಡ್ಲೆ ನೀ ಐದಕ್ಕ ತಿರುವ್ತಿ. ನನಗ ಗೊತ್ತಿಲ್ಲೇನು?”

ಸರಿಯಾಗಿಯೇ ಗೊತ್ತಿತ್ತು. ನಾನು ಅತ್ತುಬಿಟ್ಟೆ. ಇವತ್ತೇ ಗಂಡನ ಮನೆಗೆ ಹೋಗುತ್ತೇನೆಂದು ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುರುಕಿದೆ. ಅವ್ವನ ಮುಖವೂ ದಪ್ಪಗಾಯಿತು.

ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಸ್ಟೂಲು ಹತ್ತಿ, ಫ್ಯಾನಿನ ಕಂಡೆನ್ಸರ್ ಬಿಚ್ಚಿ, ತನ್ನ ಡಬ್ಬಿಯಲ್ಲಿದ್ದ ಬೇರೊಂದನ್ನು ಹಾಕಿದ. ಕಾಲೇಜಿನಲ್ಲಿ ಅದು ನಮಗೆ ಕೆಪ್ಯಾಸಿಟರ್. ಒಂದು ವೋಲ್ಟಿಗೆ ಎಷ್ಟು ಚಾರ್ಜ್ ಹಿಡಿದಿಡುತ್ತದೋ ಅದೇ ಅದರ ಕೆಪ್ಯಾಸಿಟೆನ್ಸ್. ಅಪ್ಪ ಹಾಕಿದ್ದು ಕಡಿಮೆ ಅಳತೆಯದು. ಮೋಟರಿಗೆ ಸಿಗುವ ನೂಕು ಇನ್ನು ಅಷ್ಟಕ್ಕಷ್ಟೇ ಎಂದು ನನಗೆ ಕೂಡಲೇ ಹೊಳೆಯಿತು.

ಅಪ್ಪ ರೆಗ್ಯುಲೇಟರನ್ನು ಐದಕ್ಕೇ ತಿರುಗಿಸಿದ. ರೆಕ್ಕೆಗಳು ಒಂದೊಂದಾಗಿ ಕಾಣುವಷ್ಟು ನಿಧಾನವಾಗಿ ಸುತ್ತಿದವು.

“ಇನ್ನ ಈಕಿ ಎಷ್ಟ ತಿರುವಿದ್ರೂ ಇಷ್ಟ ಗಾಳಿ,” ಎಂದ.

ಅವ್ವ ಫ್ಯಾನಿನ ಕೆಳಗೆ ಬಂದು ಕೈಯೆತ್ತಿ ನೋಡಿದಳು. ಬೇಡ ಎನ್ನಲಿಲ್ಲ. ಚೀಲದಿಂದ ಕೂಸಿನ ಬಟ್ಟೆ ತೆಗೆದು ಮಡಚತೊಡಗಿದಳು. ಗೆದ್ದೆನೆಂದು ನಾನು ಒಳಗೊಳಗೇ ಹಿಗ್ಗಿದೆ.

“ಈ ಸಣ್ಣ ಕಂಡೆನ್ಸರ್ ಮೊದ್ಲೂ ಸಿಗ್ತಿತ್ತೇನ್ರಿ?” ಅವ್ವ ಕೇಳಿದಳು.

“ಭಾಳ ಹಿಂದಿಂದ ಐತಿ,” ಎಂದ ಅಪ್ಪ, ಹೆಮ್ಮೆಯಿಂದ.

ನಾನು ಹುಟ್ಟಿದ್ದೂ ಇಂಥ ಬೇಸಿಗೆಯಲ್ಲೇ. ತವರಿಲ್ಲದ ಅವ್ವ ಇದೇ ಕೋಣೆಯಲ್ಲಿ, ಅಪ್ಪನ ತಾಯಿಯ ಕಾವಲಿನಲ್ಲಿ ಬಾಣಂತನ ಮುಗಿಸಿದ್ದಳು. ಆಗಲೂ ಫ್ಯಾನು ಹಾಕಗೊಟ್ಟಿರಲಿಲ್ಲವಂತೆ.

“ಹಂಗಾರ ನನ್ನ ಬಾಣಂತನದಾಗ ಯಾಕ ಹಾಕಲಿಲ್ರಿ?”

ಅವ್ವ ತಲೆಯೆತ್ತದೆ ಕೇಳಿದಳು. ಅಪ್ಪ ಕೈಯಲ್ಲಿದ್ದ ಹಳೆಯ ಕಂಡೆನ್ಸರನ್ನು ತಿರುಗಿಸಿ ತಿರುಗಿಸಿ ನೋಡಿದ.

“ನೀ ಅಳಲಿಲ್ಲಲ್ಲ,” ಎಂದ ಕೊನೆಗೆ.