ಫ್ಲಾಸ್ಕಿನ ಕಾಫಿ ಮತ್ತು ಐದು ಪದಗಳು

ಕೆರೆಕಟ್ಟೆಯ ಅಜ್ಜನೊಬ್ಬರು ನನ್ನ ಸಂಶೋಧನೆಗೆ ಎಳ್ಳುನೀರು ಬಿಟ್ಟ ದಿನ ನಾನು ನಕ್ಕಷ್ಟು ಬೇರೆ ಯಾವತ್ತೂ ನಕ್ಕಿಲ್ಲ. ಸಿಟ್ಟೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಶೃಂಗೇರಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ನಾನು ಅಲುಗಾಡುತ್ತಿದ್ದುದನ್ನು ನೋಡಿ, ಪಕ್ಕದ ಸೀಟಿನವರು ಅಳುತ್ತಿದ್ದಾಳೆಂದುಕೊಂಡು ನೀರಿನ ಬಾಟಲಿ ಕೊಟ್ಟರು.

ನಾನು ನರ್ಸು, ನರಸಿಂಹರಾಜಪುರದವಳು. ಶಿವಮೊಗ್ಗದ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಮೇಲೆ ಎಂಎಸ್ಸಿ ನರ್ಸಿಂಗ್ ಓದುವ ಹುಚ್ಚು ಹತ್ತಿತು. ವಿಷಯ ನಾನೇ ಆರಿಸಿಕೊಂಡದ್ದು: ವಯಸ್ಸಾದವರಿಗೆ ಆಪರೇಷನ್ ಆದಮೇಲೆ ನೆನಪು, ಗಮನ, ಲೆಕ್ಕ ಇವೆಲ್ಲ ಮೊದಲಿನ ಸ್ಥಿತಿಗೆ ಬರುವುದು ಹೇಗೆ ಎಂಬುದು. ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೆ. ಸೊಂಟ ಮುರಿದುಕೊಂಡು ಬಂದ ಅಜ್ಜಿಯ ಮೂಳೆ ಸರಿಹೋಗುತ್ತದೆ, ಆದರೆ ಮೂರು ದಿನ ತಾನು ಎಲ್ಲಿದ್ದೇನೆ ಎಂಬುದೇ ಆಕೆಗೆ ತಿಳಿಯುವುದಿಲ್ಲ. ಮನೆಯವರು ಹೆದರಿ, ತಲೆ ಹೋಯಿತು ಎಂದು ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಜನರಿಗೆ ಅದು ಹೋಗಿರುವುದಿಲ್ಲ, ಸ್ವಲ್ಪ ತಿರುಗಾಡಿಕೊಂಡು ಬರಲು ಹೊರಟಿರುತ್ತದೆ, ಅಷ್ಟೆ.

ನನ್ನ ಕೆಲಸ ಸುಲಭದ್ದು. ನಮ್ಮ ಕಡೆಯ ಮೂರು ತಾಲೂಕಿನಿಂದ ಬಂದು ಸೊಂಟ, ಮಂಡಿ ಆಪರೇಷನ್ ಮಾಡಿಸಿಕೊಂಡ ಹಿರಿಯರ ಮನೆಗೆ ಮೂರು ಸಲ ಹೋಗಬೇಕು: ಎರಡನೇ ವಾರ, ಆರನೇ ವಾರ, ಮೂರನೇ ತಿಂಗಳು. ಇವತ್ತು ಯಾವ ವಾರ, ಎಷ್ಟನೇ ತಾರೀಕು ಎಂದು ಕೇಳಬೇಕು, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ ಬರೆಸಬೇಕು, ಐದು ಪದ ಹೇಳಿ ಐದು ನಿಮಿಷ ಬಿಟ್ಟು ವಾಪಸ್ ಕೇಳಬೇಕು. ಬಾಯಿಪಾಠ ಆಗಬಾರದೆಂದು ಪ್ರತಿ ಸಲಕ್ಕೂ ಬೇರೆ ಬೇರೆ ಐದು ಪದಗಳ ಪಟ್ಟಿ. ಒಟ್ಟು ಮೂರು ಪಟ್ಟಿ, ಎಲ್ಲರಿಗೂ ಅವೇ ಮೂರು. ನಾನೆಷ್ಟು ಜಾಣೆ ಎಂದು ನನಗೇ ಹೆಮ್ಮೆಯಿತ್ತು.

ತಾರೀಕು ಕೇಳಿದರೆ ತಿಥಿ, ನಕ್ಷತ್ರ ಹೇಳುವವರು ಸಿಕ್ಕಿದರು. ಒಬ್ಬರಂತೂ ಯಾವ ಮಳೆ ಎಷ್ಟನೇ ಪಾದದಲ್ಲಿದೆ ಎಂದು ಹೇಳಿ, ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲದ್ದಕ್ಕೆ ನನ್ನ ಮೇಲೇ ಮರುಕಪಟ್ಟರು. ಅದೆಲ್ಲ ನಾನು ಎಣಿಸಿದ್ದೇ. ಎಣಿಸದೇ ಇದ್ದದ್ದು ಕೊಪ್ಪದ ಟೀಚರನ್ನು.

ಅವರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು, ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು. ಆಪರೇಷನ್ ಆದ ಮೂರು ದಿನ ನಮ್ಮ ವಾರ್ಡು ಅವರ ಪಾಲಿಗೆ ನಾಲ್ಕನೇ ತರಗತಿಯಾಗಿತ್ತು. ಬೆಳಗ್ಗೆ ಎದ್ದು ಎಲ್ಲ ಮಂಚಗಳ ಹಾಜರಿ ಕರೆದರು. ಅರಿವಳಿಕೆ ಡಾಕ್ಟರು ನೋಡಲು ಬಂದಾಗ ಹದಿಮೂರರ ಮಗ್ಗಿ ಹೇಳಿಸಿದರು. ಡಾಕ್ಟರು ನಡುವೆ ತಡವರಿಸಿದಾಗ ತಿದ್ದಿ, ನಾಳೆ ಹತ್ತು ಸಲ ಬರೆದುಕೊಂಡು ಬಾ ಎಂದರು. ವಾರ್ಡಿಗೆ ವಾರ್ಡೇ ಬಾಯಿಗೆ ಸೆರಗು ಒತ್ತಿಕೊಂಡಿತ್ತು. ನಗದೇ ಇದ್ದವರು ಅವರ ಮಗ ಒಬ್ಬರೇ. ಸ್ಟೂಲು ಎಳೆದುಕೊಂಡು ತಾಯಿಯ ಕಿವಿಯ ಹತ್ತಿರ ಗಂಟೆಗಟ್ಟಲೆ ಏನೋ ಪಿಸುಗುಡುತ್ತಿದ್ದರು. ತಾಯಿ ಅವರ ಕಡೆ ತಿರುಗಿಯೂ ನೋಡದೆ ಗೋಡೆಗೆ ಪಾಠ ಮಾಡುತ್ತಿದ್ದರು.

ಮನೆಗೆ ಹೋಗುವ ಹೊತ್ತಿಗೆ ಟೀಚರ್ ಬಹುಪಾಲು ಸರಿಯಾಗಿದ್ದರು. ಆದರೆ ಮೊದಲ ವಾರದಲ್ಲೇ ಒಲೆಯ ಮೇಲೆ ಹಾಲಿಟ್ಟು ಮರೆತರು, ಪಾತ್ರೆ ಸುಟ್ಟು ಕರಕಲಾಯಿತು. ಅಂದಿನಿಂದ ಮಗ ಬೆಳಗ್ಗೆ ಹೊರಡುವಾಗ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ತನ್ನ ಬ್ಯಾಗಿನಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಪಂಪ್‌ಸೆಟ್ ಅಂಗಡಿಗೆ ಹೋಗುವರು. ಮಧ್ಯಾಹ್ನ ಊಟಕ್ಕೆ ಬರುವಾಗ ಅದೂ ಬರುವುದು, ಅಡುಗೆ ಬಿಸಿ ಮಾಡಿಕೊಟ್ಟು ಮತ್ತೆ ಬ್ಯಾಗು ಸೇರುವುದು. ಸೊಸೆಗೆ ಆಫೀಸು, ಆಕೆ ಬೆಳಗ್ಗೆ ಫ್ಲಾಸ್ಕಿಗೆ ಕಾಫಿ ತುಂಬಿಟ್ಟು ಹೋಗುವರು.

"ಫ್ಲಾಸ್ಕಿನ ಕಾಫಿ ಕುಡಿದಿದೀಯೇನೆ ಮಾರಾಯ್ತಿ ಯಾವತ್ತಾದ್ರೂ?" ಎಂದು ಮೊದಲ ಭೇಟಿಯಲ್ಲೇ ಟೀಚರ್ ಕೇಳಿದ್ದರು. "ಕುಡಿ. ಕುಡಿದು ನೋಡು, ಇದು ಮನುಷ್ಯರು ಕುಡಿಯೋದಾ ಅಂತ."

ಕುಡಿದೆ. ಫ್ಲಾಸ್ಕಿನ ಮುಚ್ಚಳದ ಬೆಂಡಿನ ವಾಸನೆ ಹೊಡೆಯುತ್ತಿತ್ತು. ಮೂವತ್ತು ವರ್ಷ ಒಂದು ಶಾಲೆಯನ್ನು ನಡೆಸಿದವರಿಗೆ ಒಂದು ಲೋಟ ಕಾಫಿ ಮಾಡಿಕೊಳ್ಳುವ ಅಧಿಕಾರವಿಲ್ಲದಿರುವುದು ನನಗೂ ನುಂಗಲಾಗದ ಸಂಗತಿಯೇ ಆಗಿತ್ತು. ಆದರೆ ಸುಟ್ಟ ಪಾತ್ರೆಯನ್ನೂ ಮಗ ತೋರಿಸಿದ್ದರಲ್ಲ. ನಾನು ಸುಮ್ಮನೆ ಬಂದೆ.

ಇದಾಗಿ ತಿಂಗಳೊಪ್ಪತ್ತಿನಲ್ಲಿ ನನ್ನ ಹಾಳೆಗಳಲ್ಲಿ ಪವಾಡ ಶುರುವಾಯಿತು. ಬೇಗಾರಿನ ಅಜ್ಜಿಗೆ ಮಾತ್ರ ನಾಲ್ಕು, ಶೃಂಗೇರಿಯಲ್ಲಿ ಐದಕ್ಕೆ ಐದು. ಕೊಪ್ಪದಲ್ಲಿ ಐದಕ್ಕೆ ಐದು. ನಮ್ಮೂರಿನಲ್ಲೂ ಐದಕ್ಕೆ ಐದು. ಎಪ್ಪತ್ತು ದಾಟಿದವರು ಹೈಸ್ಕೂಲು ಮಕ್ಕಳ ಹಾಗೆ ಪಟಪಟನೆ ಒಪ್ಪಿಸುತ್ತಿದ್ದರು. ನನ್ನ ಗೈಡ್ ಮೇಡಂ ಫೋನಿನಲ್ಲಿ, ಏನಾದರೂ ವಿಶೇಷ ಆಹಾರವೇ, ಕಷಾಯವೇ, ಸರಿಯಾಗಿ ವಿಚಾರಿಸು ಎಂದರು. ನನಗಂತೂ ಕಾಲು ನೆಲದ ಮೇಲಿರಲಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಸಮ್ಮೇಳನದಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡಿದ್ದೂ ಉಂಟು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಹೀಗೆ ಹಾರಾಡುತ್ತಲೇ ಕೆರೆಕಟ್ಟೆಗೆ ಹೋದದ್ದು. ಮಂಡಿ ಆಪರೇಷನ್ ಆಗಿದ್ದ ಅಜ್ಜ, ಕಾಡಿನ ಕೆಲಸ ಮಾಡಿದವರು, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಅವರದು ಅದೇ ಮೊದಲ ಭೇಟಿ.

"ಅಜ್ಜ, ಈಗ ಐದು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ," ಎಂದೆ.

"ಕೊಡೆ, ಬೆಕ್ಕು, ಮಲ್ಲಿಗೆ, ಗಡಿಯಾರ, ಬೆಲ್ಲ," ಎಂದರು ಅಜ್ಜ.

ನಾನಿನ್ನೂ ಒಂದು ಪದವನ್ನೂ ಹೇಳಿರಲಿಲ್ಲ.

"ಅದು ಈ ಸಲದ್ದು," ಅಜ್ಜ ಮುಂದುವರಿಸಿದರು. "ಮುಂದಿನ ಸಲದ್ದು ಏಣಿ, ನವಿಲು, ಚಮಚ, ಬಾಳೆ, ಕಂಬಳಿ. ಅದರ ಮುಂದಿಂದೂ ಹೇಳಿಬಿಡ್ಲಾ? ನಮ್ಮೂರಿಗೆ ಬಸ್ಸು ಬೇರೆ ಸರಿಯಾಗಿಲ್ಲ. ಪಾಪ, ನೀವು ಮತ್ತೆ ಮತ್ತೆ ಎಂತಕ್ಕೆ ಬರೋದು."

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಬಂದು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಹಾಳೆಯೊಂದನ್ನು ನನ್ನ ಕೈಗಿತ್ತರು. ಗಡಿಯಾರ ಮೊದಲೇ ಬರೆದು ತಯಾರಾಗಿತ್ತು, ಹನ್ನೊಂದು ಗಂಟೆ ಹತ್ತು ನಿಮಿಷ.

"ಯಾರು ಹೇಳಿಕೊಟ್ಟಿದ್ದು ಇದನ್ನೆಲ್ಲ?" ಎಂದು ಕೇಳಿದೆ.

"ಕೊಪ್ಪದ ಟೀಚರು. ಫೋನಲ್ಲಿ. ದಿನಾ ಬೆಳಿಗ್ಗೆ ಒಪ್ಪಿಸ್ಬೇಕು, ಇಲ್ಲಾಂದ್ರೆ ಬೈತಾರೆ," ಎಂದರು ಅಜ್ಜ. ಹೆಂಡತಿ, "ನರ್ಸಮ್ಮಂಗೆ ಹೇಳ್ಬೇಡಿ ಅಂದಿದ್ರಲ್ದಾ ಅವ್ರು?" ಎಂದು ಗಂಡನನ್ನು ಗದರಿಸಿ, ಊಟ ಮಾಡಿಕೊಂಡೇ ಹೋಗಬೇಕೆಂದು ನನ್ನನ್ನು ಕೂರಿಸಿದರು. ವಾಪಸ್ ಬಸ್ಸು ಇನ್ನೂ ಎರಡು ಗಂಟೆಯಿತ್ತು. ನನ್ನ ಪ್ರಬಂಧ ಸತ್ತುಬಿದ್ದ ಮನೆಯಲ್ಲಿ ಬಿದಿರಿನ ಕಳಲೆ ಪಲ್ಯ ಹಾಕಿಸಿಕೊಂಡು ಉಂಡೆ, ಎರಡು ಸಲ.

ಶೃಂಗೇರಿ ಬಸ್‌ಸ್ಟ್ಯಾಂಡಿನಿಂದ ಗೈಡ್ ಮೇಡಂಗೆ ಫೋನ್ ಮಾಡಿದೆ. ಆ ಕಡೆಯಿಂದ ಎಂಥದೋ ಗೊರಗೊರ ಸದ್ದು; ಮೇಡಂ ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು. "ಎಲ್ಲ ಬಿಸಾಕು. ಹೊಸ ಪದ ತಗೊಂಡು ಮೊದಲಿಂದ ಶುರುಮಾಡು. ಆದರೆ ಆ ಟೀಚರನ್ನ ನಾನೊಮ್ಮೆ ನೋಡಬೇಕು," ಎಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮಾರನೆಯ ದಿನ ಅದನ್ನು ಹಾಗೇ ಹೊತ್ತುಕೊಂಡು ಕೊಪ್ಪಕ್ಕೆ ಹೋದೆ. ಲೆಕ್ಕಕ್ಕೆ ಅದು ಟೀಚರ ಮೂರನೇ ತಿಂಗಳ ಭೇಟಿ. ನನ್ನ ಮುಖ ನೋಡಿದ್ದೇ ಅವರಿಗೆ ವಿಷಯ ಗೊತ್ತಾಯಿತು.

"ಕೆರೆಕಟ್ಟೆಯವರು ಬಾಯಿಬಿಟ್ರಾ?" ಎಂದರು. "ಅವರ ಹತ್ರ ಗುಟ್ಟು ನಿಲ್ಲಲ್ಲ ಅಂತ ನಂಗೆ ಗೊತ್ತಿತ್ತು."

"ಟೀಚರ್, ನೀವೇ ಹೀಗೆ ಮಾಡಬಹುದಾ?"

ಅವರು ವಾಕರಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ತಪ್ಪೇ. ನಾನೇ ಎಷ್ಟು ಮಕ್ಕಳ ಚೀಟಿ ಹಿಡಿದಿದೀನಿ. ಆದರೆ ಏನು ಮಾಡ್ಲಿ ಹೇಳು. ಬೇಗಾರಿನವಳಿಗೆ ತೋಟಕ್ಕೆ ಹೋಗ್ಬಾರದು ಅಂತ ಗೇಟಿಗೆ ಬೀಗ. ಕೆರೆಕಟ್ಟೆಯವರ ಕತ್ತಿ ಅಟ್ಟ ಹತ್ತಿದೆ. ನಂದು ರೆಗ್ಯುಲೇಟರು. ನಿನ್ನ ಹಾಳೇಲಿ ಮಾರ್ಕ್ಸ್ ಬಂದ್ರೆ ಎಲ್ಲ ವಾಪಸ್ ಕೊಡ್ತಾರೆ ಅಂದ್ಕೊಂಡ್ವಿ."

ನನ್ನ ಕೋಪ ಅಲ್ಲೇ ಇಳಿದುಹೋಯಿತು. ಇದು ಪಾಸು ಫೇಲಿನ ಪರೀಕ್ಷೆಯಲ್ಲ, ಅಂಕವನ್ನು ಮನೆಯವರಿಗೆ ಹೇಳುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿತ್ತು. ಅದನ್ನು ನಾನು ಬಸ್ಸು ತಪ್ಪುತ್ತದೆಂದು ಗಡಿಬಿಡಿಯಲ್ಲಿ ಓದಿ ಸಹಿ ಹಾಕಿಸಿಕೊಂಡಿದ್ದೆ. ನಾಚಿಕೆಯಾಯಿತು.

"ಪದಗಳು ಹೇಗೆ ಸಿಕ್ಕಿದವು?"

ಕೊಪ್ಪದಲ್ಲಿ ಗುರುವಾರ ಗುರುವಾರ ಫಿಸಿಯೋಥೆರಪಿ. ಅಲ್ಲಿ ಬೆಂಚಿನ ಮೇಲೆ ಎಲ್ಲರೂ ಜೊತೆಯಾಗುತ್ತಿದ್ದರು. ಬೇಗಾರಿನವರಿಗೆ ಆಪರೇಷನ್ ಮೊದಲು ಆದದ್ದರಿಂದ ನನ್ನ ಪಟ್ಟಿಗಳು ಅವರಿಗೇ ಮೊದಲು ಸಿಗುತ್ತಿದ್ದವು. ನಾನು ಅವರ ಮನೆಯಿಂದ ಹೊರಟು ಗೇಟು ದಾಟುವ ಮೊದಲೇ ಟೀಚರ್ ಫೋನ್ ಮಾಡಿ ಪದಗಳನ್ನು ಇಸಿದುಕೊಳ್ಳುತ್ತಿದ್ದರು. ಬೇಗಾರಿನವರು ನಾಲ್ಕು ಹೇಳಿ ಐದನೆಯದು ಮರೆತರೆ, ಅದನ್ನು ನಮ್ಮೂರಿನವರೊಬ್ಬರಿಂದ ಪಡೆದು, ಇಬ್ಬರದ್ದನ್ನೂ ತಾಳೆ ನೋಡಿ, ಮಿಕ್ಕವರಿಗೆ ಕಲಿಸುತ್ತಿದ್ದರು. ಯಾರ ಮನೆಗೆ ನಾನು ಯಾವ ದಿನ ಹೋಗುತ್ತೇನೆ, ಯಾರು ನವಿಲು ಮರೆಯುತ್ತಾರೆ, ಯಾರು ಬೆಕ್ಕಿನ ಬದಲು ನಾಯಿ ಅನ್ನುತ್ತಾರೆ, ಎಲ್ಲವನ್ನೂ ಬೆರಳು ಮಡಿಸುತ್ತ ಹೇಳಿದರು.

"ಇದನ್ನೆಲ್ಲ ಎಲ್ಲಿ ಬರೆದಿಟ್ಟಿದೀರಿ, ಕೊಡಿ ನೋಡೋಣ," ಎಂದೆ.

"ಬರೆದ್ರೆ ಅದು ಚೀಟಿ ಆಗತ್ತೆ," ಎಂದರು ಟೀಚರ್ ಗಂಭೀರವಾಗಿ. "ನಾನು ನಕಲು ಮಾಡಲ್ಲ. ಎಲ್ಲ ತಲೇಲೇ ಇರೋದು."

ಹದಿನೈದು ಪದ, ಏಳು ಮನೆ, ಅವರವರ ದಿನ, ಅವರವರ ತಪ್ಪು. ಐದು ಪದ ನೆನಪಿರುತ್ತದೆಯೇ ಎಂದು ನೋಡಲು ನಾನು ಮೂರು ತಾಲೂಕು ಸುತ್ತಿದ್ದೆ. ನಗು ತಡೆಯಲಾಗದೆ ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ. ಟೀಚರಿಗೆ ಮೊದಲು ಗಾಬರಿ, ಆಮೇಲೆ ಅವರೂ ಶುರುಮಾಡಿದರು, ಸೊಂಟ ನೋಯುತ್ತದೆ ನಗಿಸಬೇಡ ಎಂದು ಬೈಯುತ್ತ.

ಅದೇ ಹೊತ್ತಿಗೆ ಮಗ ಊಟಕ್ಕೆ ಬಂದರು, ಬ್ಯಾಗಿನೊಂದಿಗೆ. "ಹೇಗಿದೆ ರಿಸಲ್ಟು?" ಎಂದು ಕೇಳಿದರು.

"ಪರೀಕ್ಷೆ ರದ್ದಾಯ್ತು," ಎಂದೆ. "ಅದರ ಬದಲು ಅಮ್ಮ ಒಂದು ಕಾಫಿ ಮಾಡಲಿ. ನಾವಿಬ್ಬರೂ ಕೂತು ನೋಡೋಣ. ಯಾರೂ ಬಾಯಿ ಹಾಕೋದು ಬೇಡ."

ಅವರು ಒಲ್ಲದ ಮನಸ್ಸಿನಿಂದ ರೆಗ್ಯುಲೇಟರ್ ಜೋಡಿಸಿದರು. ಟೀಚರ್ ವಾಕರ್ ಬದಿಗಿಟ್ಟು ಕಟ್ಟೆಗೆ ಒರಗಿ ನಿಂತರು. ಫಿಲ್ಟರಿಗೆ ಪುಡಿ, ಬಿಸಿನೀರು, ಒಲೆಗೆ ಹಾಲು. ಡಿಕಾಕ್ಷನ್ ಇಳಿಯುವವರೆಗೆ ಹಾಲಿನ ಕಡೆ ಬೆನ್ನು ಮಾಡಿ, ನನ್ನ ಎರಡನೇ ಪಟ್ಟಿಯಲ್ಲಿ ಚಮಚ ಎಂಬ ಪದ ಎಷ್ಟು ಸಪ್ಪೆ ಎಂದು ಹೇಳತೊಡಗಿದರು. ಹಾಲು ಉಬ್ಬಿ ಮೇಲೆ ಬಂತು. ಮಗ ಅರ್ಧ ಎದ್ದರು. ನಾನು ಅವರ ಮಣಿಕಟ್ಟು ಹಿಡಿದು ಕೂರಿಸಿದೆ. ಟೀಚರ್ ಮಾತು ನಿಲ್ಲಿಸದೆ ಹಿಂದಕ್ಕೆ ಕೈಚಾಚಿ ಒಲೆ ಆರಿಸಿದರು.

ಮೂರು ಲೋಟ ಬಂತು. ನನ್ನದು ಅಮೃತ. ಮಗ ಒಂದು ಗುಟುಕು ಕುಡಿದು ಲೋಟ ನೋಡಿದರು, ನನ್ನನ್ನು ನೋಡಿದರು. ಅವರ ಕಾಫಿಯಲ್ಲಿ ಏನೋ ತಪ್ಪಿದೆಯೆಂದು ನನಗೆ ಅರ್ಥವಾಯಿತು.

"ಅಮ್ಮ, ಸಕ್ಕರೆ ಮರೆತಿದೀಯ," ಎಂದರು ಮೆಲ್ಲಗೆ.

"ಮರೆತಿಲ್ಲ," ಎಂದರು ಟೀಚರ್. "ನಂಗೆ ಶುಗರ್ ಬಂದಿದೆ, ಭಯ ಆಗತ್ತೆ, ಮನೇಲಿ ಯಾರಿಗೂ ಹೇಳ್ಬೇಡಮ್ಮ ಅಂತ ಆಸ್ಪತ್ರೇಲಿ ಹೇಳಿದ್ಯಲ್ಲ. ನಾನು ಹೇಳಿಲ್ಲ. ಇವಳು ನರ್ಸು, ಪರವಾಗಿಲ್ಲ."

ಮಗ ಲೋಟ ಕೆಳಗಿಟ್ಟರು. "ನಿಂಗದು ಕೇಳಿಸಿತ್ತಾ? ಅವತ್ತು ನಿಂಗೆ ನನ್ನ ಗುರುತೇ ಇರ್ಲಿಲ್ಲ."

"ಗುರುತಿರ್ಲಿಲ್ಲ. ಯಾರ ಮಗನೋ ಪಾಪ, ಅಳ್ತಿದಾನೆ ಅಂದ್ಕೊಂಡೆ. ಆಮೇಲೆ ಮನೆಗೆ ಬಂದು ನೋಡಿದ್ರೆ ಅದು ನೀನು." ಟೀಚರ್ ತಮ್ಮ ಲೋಟಕ್ಕೆ ಸಕ್ಕರೆ ಕದಡಿಕೊಂಡರು. "ಮೂರು ತಿಂಗಳಿಂದ ನಿನ್ನ ಹೆಂಡತಿ ಫ್ಲಾಸ್ಕಿಗೆ ಸಕ್ಕರೆ ಹಾಕೇ ಇಡ್ತಾಳೆ, ನೀನು ಮಧ್ಯಾಹ್ನ ಬಂದು ಅದನ್ನೇ ಕುಡೀತೀಯ. ಹೇಳೋ ಹಾಗಿಲ್ಲ, ಮಾತು ಕೊಟ್ಟಿದೀನಿ. ಒಲೆ ನನ್ನ ಕೈಗೆ ಬಂದ್ರೆ ತಾನೇ ನಿಂಗೆ ಬೇರೆ ಕಾಫಿ ಮಾಡೋದು."

ಮಗ ಆ ಕಾಫಿಯನ್ನು ಪೂರ್ತಿ ಕುಡಿದರು. ಊಟ ಮುಗಿಸಿ ಹೊರಡುವಾಗ ಅಭ್ಯಾಸದಂತೆ ಸಿಲಿಂಡರಿನ ಹತ್ತಿರ ಬಗ್ಗಿದರು. ರೆಗ್ಯುಲೇಟರಿನ ಮೇಲೆ ಕೈಯಿಟ್ಟು, ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಅಲುಗಿಸಿ ನೋಡಿ, ಅದನ್ನು ಅಲ್ಲೇ ಬಿಟ್ಟು ಖಾಲಿ ಬ್ಯಾಗಿನೊಂದಿಗೆ ಅಂಗಡಿಗೆ ಹೋದರು.