ಎರಡು ಗಂಟೆಯ ದಾರಿ

ಪರಸ್ಕೋವಿಯಾ ಇಯೊನ್ ಚೆಬಾನ್ ತೀರಿಕೊಂಡಾಗ ಅವಳಿಗೆ ಐವತ್ತೆಂಟು ವರ್ಷ. ತಂದೆ ಇಯೊನ್ ದ್ರಾಕ್ಷಿತೋಟದ ಆಳು, ಬೇಗ ಮಡಿದವನು. ಗಂಡ ಮಾಸ್ಕೋದ ಕಟ್ಟಡಗೆಲಸಕ್ಕೆ ಹೋದವನು ಹಿಂದಿರುಗಲಿಲ್ಲ. ಮಕ್ಕಳಿರಲಿಲ್ಲ. ಆರು ವರ್ಷದ ಹಿಂದೆ ತನ್ನವರೆಂದು ಉಳಿದಿದ್ದವರು ತಾಯಿ ಅಗಾಫಿಯಾ ಮತ್ತು ಸತ್ತ ಅಣ್ಣನ ಹೆಂಡತಿ ಜಿನೋವಿಯಾ.

ಮೊಲ್ಡೋವಾದ ಆ ಹಳ್ಳಿಯ ಅರ್ಧಕ್ಕರ್ಧ ಹೆಂಗಸರಂತೆ ಅವಳೂ ಇಟಲಿಯಲ್ಲಿ, ಬೊಲೊನ್ಯಾ ನಗರದಲ್ಲಿ, ಲಕ್ವ ಹೊಡೆದ ಮುದುಕನೊಬ್ಬನ ಆರೈಕೆಗೆ ನಿಂತಿದ್ದಳು. ಜಿಲ್ಲಾಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರಲು ಒಂದು ಹಗಲು ಬೇಕು. ಬೊಲೊನ್ಯಾದಿಂದ ರಾಜಧಾನಿ ಕಿಶಿನೌಗೆ ವಿಮಾನ ಎರಡು ಗಂಟೆ. ಹೀಗಾಗಿ ಊರಿನ ಲೆಕ್ಕದಲ್ಲಿ ಇಟಲಿಯೇ ಹತ್ತಿರ. ಆ ಲೆಕ್ಕದಲ್ಲಿ ಮಂಜನ್ನು ಯಾರೂ ಸೇರಿಸಿರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಜಿನೋವಿಯಾ ಫೋನು ಮಾಡಿದಳು.

"ಪರಸ್ಕಾ, ಹೊರಟು ಬಾರೇ. ಈ ಸಲ ನಿಮ್ಮಮ್ಮ ಉಳಿಯೋ ಹಾಗೆ ಕಾಣಲ್ಲ."

"ಈಸ್ಟರ್‌ನಲ್ಲೂ ಹೀಗೇ ಅಂದ್ರಿ ಅತ್ತಿಗೆ. ಬಂದು ನೋಡಿದ್ರೆ ಕೋಳಿ ಅಟ್ಟಿಸ್ಕೊಂಡು ಓಡಾಡ್ತಿದ್ಲು."

"ಈಗ ಕೋಳಿ ಬಂದು ಮೂಗು ಕುಕ್ಕಿದ್ರೂ ಏಳಲ್ಲ ಕಣೇ. ಕೊನೇ ಮೇಣದಬತ್ತಿ ನಿನ್ನ ಕೈಯಿಂದಲೇ ಆಗ್ಬೇಕಂತೆ."

"ಭಾನುವಾರ ಮುದುಕನ ಮಗಳು ಬರ್ತಾಳೆ, ಒಪ್ಪಿಸಿ ಹೊರಡ್ತೀನಿ. ಎರಡು ಗಂಟೆ ದಾರಿ ಅಂತ ಅಮ್ಮಂಗೆ ಹೇಳಿ."

ಊರಿನ ನಂಬಿಕೆಯಂತೆ, ಉಸಿರು ಹೋಗುವಾಗ ಕೈಯಲ್ಲಿ ಉರಿಯುವ ಬತ್ತಿಯಿಲ್ಲದವರು ಅತ್ತಲಿನ ದಾರಿಯನ್ನು ಕತ್ತಲಲ್ಲೇ ತಡಕಬೇಕು. ಅಂಥ ಸಾವು ಹೊಳೆಪಾಲಾದವರಿಗೆ, ಯುದ್ಧದಲ್ಲಿ ಬಿದ್ದವರಿಗೆ. ಮನೆಯ ಹಾಸಿಗೆಯಲ್ಲಿ ಸಾಯುವವರಿಗಲ್ಲ.

ಭಾನುವಾರದ ವಿಮಾನ ವೇಳೆಗೆ ಸರಿಯಾಗಿ ಕಿಶಿನೌ ಮೇಲೆ ಬಂದಿತು. ಕೆಳಗೆ ಹಾಲು ಚೆಲ್ಲಿದಂತೆ ಮಂಜು. ಸುತ್ತಿ ಸುತ್ತಿ, ಕಡೆಗೆ ಗಡಿಯಾಚೆ ರೊಮೇನಿಯಾದ ಯಾಶ್ ನಗರದಲ್ಲಿ ಇಳಿಯಿತು.

"ಮನೆ ಮೇಲೇ ಹಾದು ಬಂದ್ವಲ್ಲಮ್ಮ! ಹಗ್ಗ ಬಿಟ್ಟಿದ್ರೆ ಜಾರ್ಕೊಂಡು ಇಳೀತಿದ್ದೆ," ಎಂದ ಪಕ್ಕದವನು. ಉಳಿದವರು ನಕ್ಕರು. ಅವಳು ನಗಲಿಲ್ಲ.

ಅಲ್ಲಿಂದ ಪ್ರಯಾಣಿಕರನ್ನು ಹೊತ್ತು ಹೊರಟ ಬಸ್ಸು ಪ್ರೂಟ್ ನದಿಯ ಸೇತುವೆಯ ಬಳಿ, ಗಡಿ ತಪಾಸಣೆಯ ಸಾಲಿನ ಬಾಲದಲ್ಲಿ ನಿಂತುಬಿಟ್ಟಿತು. ಅವಳು ಊರಿಗೆ ಫೋನು ಹಚ್ಚಿದಳು.

"ನನಗೆ ಕಾಯಬೇಡಿ ಅತ್ತಿಗೆ. ನೀವೇ ಬತ್ತಿ ಹಚ್ಚಿ ಕೈಗೆ ಕೊಡಿ."

"ಕೊಡದೆ ಬಿಟ್ಟೆನಾ? ಎರಡು ಸಲ ಊದಿ ಆರಿಸಿದ್ಲು. 'ಅವಳು ಬರ್ಲಿ, ಎರಡೇ ಗಂಟೆ ದಾರಿ' ಅಂತ ನಿನ್ನ ಮಾತನ್ನೇ ನನಗೆ ಹೇಳ್ತಾಳೆ."

ಸಾಲು ಕರಗುವ ಮೊದಲೇ ಅಗಾಫಿಯಾ ಹೋದಳು. ಪರಸ್ಕೋವಿಯಾ ಮನೆ ಮುಟ್ಟಿದಾಗ ತಾಯಿಯ ಮುಷ್ಟಿ ಖಾಲಿಯಾಗಿ ಬಿಗಿದುಕೊಂಡಿತ್ತು. ದೇವರ ಬೆಳಕಿಗೆ ಮೇಣದ ಹಂಗಿಲ್ಲ ಎಂದು ಪಾದ್ರಿ ಸಮಾಧಾನ ಹೇಳಿದರು. ಅವಳು ತಲೆಬಾಗಿ ಕೇಳಿದಳು; ನಂಬಲಿಲ್ಲ. ಬೊಲೊನ್ಯಾಕ್ಕೆ ಮರಳಲಿಲ್ಲ. ಆರು ವರ್ಷ ಅದೇ ಮನೆಯಲ್ಲಿ, ಕಪ್ಪು ಬಟ್ಟೆಯಲ್ಲಿ ಕಳೆದಳು.

ಈ ವರ್ಷ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಎದೆಗೆ ಶೀತವಿಳಿದು ಮಲಗಿದಳು. ಕೊನೆಯ ಹೊತ್ತಿಗೆ ಜಿನೋವಿಯಾ ಬತ್ತಿ ಹಚ್ಚಿ ತಂದಾಗ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಬೇಡ ಅತ್ತಿಗೆ. ದೀಪ ಹಿಡಿದವರನ್ನ ಬೇರೆ ದಾರೀಲಿ ಕರ್ಕೊಂಡು ಹೋಗ್ತಾರೆ. ಅಮ್ಮ ಇರೋದು ಅಲ್ಲಲ್ಲ."

"ಹುಚ್ಚೀ, ಹಿಡ್ಕೊಳೇ!"

ಹಿಡಿಯಲಿಲ್ಲ.

ಅವಳು ಬಿಟ್ಟುಹೋದದ್ದು: ಒಂದು ಪಾರ್ಶ್ವಕ್ಕೆ ಮಾತ್ರ ಹೊಸ ತಗಡು ಹೊದಿಸಿದ ಮನೆ, ನೆಲಮಾಳಿಗೆಯಲ್ಲಿ ಅರ್ಧ ಪೀಪಾಯಿ ದ್ರಾಕ್ಷಾರಸ, ಮೆಕ್ಕೆಜೋಳದ ಹಿಟ್ಟಿನ ಚೀಲ, ಬೊಲೊನ್ಯಾದ ಕೋಣೆಯಲ್ಲಿ ಯಾರೂ ಕೇಳಿ ಪಡೆಯದ ಒಂದು ಪೆಟ್ಟಿಗೆ, ತನ್ನ ಹೆಣಕ್ಕೆಂದು ತಾನೇ ಕಸೂತಿ ಹಾಕಿದ ಟವೆಲ್ಲುಗಳು, ಮತ್ತು ತಾಯಿ ಮಗಳಿಬ್ಬರೂ ಹಿಡಿಯದ ಬತ್ತಿಯೊಂದಿಗೆ ಉಳಿದ ಜಿನೋವಿಯಾ.